ಮರಿ ಹಾರಿದ್ದು ಆಮೇಲೆ

ಸಿದ್ದರಾಜಣ್ಣ, ಅವತ್ತು ನಿಮ್ಮ ಕುರಿಮರಿ ರಸ್ತೆಗೆ ಅಡ್ಡ ಬರಲಿಲ್ಲ. ನಮ್ಮ ಕಾರು ನಿಮಗೆ ತಾಗಿದ ಮೇಲೆ ಅದು ನಿಮ್ಮ ತೋಳಿನಿಂದ ಹಾರಿತು. ಅದನ್ನು ಕಂಡವಳು ನಾನೊಬ್ಬಳೇ. ಇಷ್ಟು ವರ್ಷ ಹೇಳದೆ ಉಳಿದವಳೂ ನಾನೇ.

ಕಂಡದ್ದನ್ನು ಕಂಡ ಹಾಗೇ, ಒಂದಾದ ಮೇಲೊಂದು ಹೇಳುತ್ತೇನೆ — ಆತುರಪಟ್ಟರೆ ಮತ್ತೆಲ್ಲಾದರೂ ನುಣುಚಿಕೊಂಡೇನು.

ನಮ್ಮ ಯಜಮಾನರ ಕಣ್ಣಿನ ನರ ಸೊರಗುತ್ತಿದೆ, ಇನ್ನು ಗಾಡಿ ಓಡಿಸಬಾರದು ಎಂದು ಮಂಡ್ಯದ ಕಣ್ಣಿನ ಡಾಕ್ಟರು ಅದಕ್ಕೂ ಮೊದಲೇ ಹೇಳಿದ್ದರು. ಎದುರಿಗಿದ್ದದ್ದು ಕಾಣುತ್ತಿತ್ತು, ಪೇಪರು ಓದುತ್ತಿದ್ದರು. ಬದಿಯಲ್ಲಿದ್ದದ್ದು ಕಾಣುತ್ತಿರಲಿಲ್ಲ. ಆದರೆ ಮದ್ದೂರಿನ ನಮ್ಮ ಬೀದಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಕಾರು ತನ್ನಿ ಎಂದು ಮೊದಲು ಕೂಗುತ್ತಿದ್ದದ್ದು ಇವರನ್ನು. ಆ ಕೂಗು ನಿಂತರೆ ಇವರು ಏನಾಗುತ್ತಾರೋ ಎಂದು ನಾನೇ ಒಂದು ಏರ್ಪಾಡು ಮಾಡಿದೆ. ಎಡಗಡೆ ಸೀಟಿನಲ್ಲಿ ಕೂತು ನಾನು ನೋಡುವುದು, ಇವರು ಓಡಿಸುವುದು. "ಎಡಕ್ಕೆ ಸೈಕಲ್ಲು." "ಕಬ್ಬಿನ ಗಾಡಿ, ನಿಧಾನ." ಇವರು ನಗುತ್ತಿದ್ದರು: "ನನ್ನ ಎತ್ತು ಮಾಡ್ಕಂಡು ಉಳ್ತಾ ಇದ್ದೀಯ ಕಣೆ." ನಾನೂ ನಗುತ್ತಿದ್ದೆ.

ಲೈಸೆನ್ಸಿನ ಅವಧಿ ಮುಗಿಯಿತು. ಪರಿಚಯದ ಡಾಕ್ಟರ ಹತ್ತಿರ ಸರ್ಟಿಫಿಕೇಟಿಗೆ ಹೋದೆವು. ಡಾಕ್ಟರ ಮುಂದೆ ಇವರ ಮಾತನ್ನು ನಾನೇ ಆಡುವುದು ನಮ್ಮಲ್ಲಿ ರೂಢಿ — ಜ್ವರ ಯಾವಾಗಿಂದ, ಊಟ ಸೇರುತ್ತದೋ ಇಲ್ಲವೋ, ಎಲ್ಲ. "ಕಣ್ಣು ಹೆಂಗಿದೆ ಯಜಮಾನ್ರೇ?" ಎಂದು ಅವರು ಕೇಳಿದ್ದು ಇವರನ್ನು.

"ಚೆನ್ನಾಗಿ ಕಾಣ್ತದೆ ಸಾರ್" ಎಂದೆ, ನಾನು.

ನಂಬಿದರು. ಐದು ವರ್ಷಕ್ಕೆ ಲೈಸೆನ್ಸು ಬಂತು.

ಅವತ್ತು ಮಳವಳ್ಳಿಯ ನಾದಿನಿಯ ಮನೆಯಿಂದ ಹಿಂದಿರುಗುತ್ತಿದ್ದೆವು. ಬೆಳಕು ಇನ್ನೂ ಇತ್ತು. ರಸ್ತೆಯ ಹಂಪಿನ ಮೇಲೆ ಕಾರು ಕುಲುಕಿ, ಅವರು ಕೊಟ್ಟಿದ್ದ ಬದನೆಕಾಯಿ ಚೀಲ ಕಾಲಡಿಗೆ ಉರುಳಿತು. ಬಗ್ಗಿದೆ. ಬದನೆಕಾಯಿ ಆರಿಸುತ್ತಿದ್ದೆ — ಎಡಗಡೆಯ ಚಕ್ರ ಡಾಂಬರು ಬಿಟ್ಟು ಮಣ್ಣಿಗಿಳಿದ ಸದ್ದಾಯಿತು. ತಲೆ ಎತ್ತಿದೆ. ನೀವು ರಸ್ತೆಯಲ್ಲಿರಲಿಲ್ಲ, ಮಣ್ಣಿನ ಮೇಲಿದ್ದಿರಿ. ಮರಿ ನಿಮ್ಮ ತೋಳಿನಲ್ಲಿತ್ತು. ಕಾರು ತಾಗಿತು. ನೀವು ಬಿದ್ದಿರಿ. ಮರಿ ಕಾರಿನ ಮುಂದಕ್ಕೆ ಹಾರಿತು.

ಇವರು ಬ್ರೇಕು ಹಾಕಿ ನನ್ನನ್ನು ಕೇಳಿದರು: "ಮರಿ ಅಡ್ಡ ಬಂತೇನೆ?"

"ಹೂಂ" ಎಂದೆ.

ಜನ ಸೇರಿದರು. ಇವರು ಇಳಿದು, ಮರಿ ಅಡ್ಡ ಬಂತು ಎಂದು ಅವರಿಗೂ ಹೇಳಿದರು. ಒಬ್ಬ ಪೊಲೀಸರಿಗೆ ಫೋನ್ ಮಾಡುತ್ತೇನೆಂದು ನಿಂತ. ಕಾಲು ಮುರಿದು ಮಣ್ಣಿನಲ್ಲಿ ಬಿದ್ದಿದ್ದ ನೀವು ಅವನನ್ನು ಗದರಿದಿರಿ: "ಬುಡ್ಲಾ, ಸುಮ್ಕಿರ್ಲಾ. ಅವ್ರೇ ಏಳ್ತಾವ್ರಲ್ಲ, ಮರಿ ಅಡ್ಡ ಬಂತು ಅಂತವ. ಮರಿ ಕೊಸ್ರಾಡ್ತಿತ್ತು, ನಾನೇ ಸರ್ಯಾಗಿ ಇಡ್ಕಂಡಿರ್ನಿಲ್ಲ." ಬಿದ್ದ ಗಾಬರಿಯಲ್ಲಿದ್ದ ನಿಮಗೆ, ನಾನು ಹೇಳಿದ್ದೇ ನೆನಪಾಗಿ ಉಳಿಯಿತು.

ಮಂಡ್ಯದ ಆಸ್ಪತ್ರೆಗೆ ಸೇರಿಸಿ, ನೀವು ಎದ್ದು ಕೂರುವವರೆಗೆ ಊಟ ತಂದುಕೊಟ್ಟೆವು. ಅದಕ್ಕಾಗಿ ನೀವು, ಬಂಡೂರಿನಿಂದ ಮದ್ದೂರಿಗೆ ಬಂದಾಗಲೆಲ್ಲ, ಕಾಲೆಳೆದುಕೊಂಡು ನಮ್ಮ ಮನೆಗೆ ಬರುತ್ತೀರಿ. "ನೀವಿಲ್ದಿದ್ರೆ ನನ್ ಕಾಲೇ ಓಗಿರೋದು ಕಣಕ್ಕ" ಎನ್ನುತ್ತೀರಿ. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ.

ಹೋದ ತಿಂಗಳು ಬಂದಾಗ, ಲೈಸೆನ್ಸು ಮತ್ತೆ ರಿನ್ಯೂವಲ್‌ಗೆ ಬಂದಿದೆ ಎಂದು ಇವರು ಹೇಳಿದರು. "ಮಾಡುಸ್ಕಳಿ ಯಜಮಾನ್ರೇ, ಇನ್ನೈದ್ ವರ್ಸ ನಮ್ಮೂರ್ ಕಡೆ ಬತ್ತಾ ಇರಿ. ಈ ಸಲ ಮರಿನ ಕಟ್ಟಾಕಿರ್ತೀನಿ" ಎಂದಿರಿ ನೀವು. ಇಬ್ಬರೂ ನಕ್ಕಿರಿ. ಆ ಇನ್ನೈದು ವರ್ಷದಲ್ಲಿ ಮಣ್ಣಿನ ಮೇಲೆ ನಿಂತಿರುವವರು ಯಾರು ಎಂದು ನನಗೆ —

ಅರವತ್ತು ದಾಟಿದವರಿಗೆ ಐದು ವರ್ಷ ಜಾಸ್ತಿಯಾಯಿತು, ವರ್ಷವರ್ಷವೂ ತಪಾಸಣೆ ಇರಬೇಕು ಎಂದು ನನ್ನ ತಮ್ಮ ವಾದಿಸುತ್ತಾನೆ. ಇರಲಿ, ಒಳ್ಳೆಯದೇ. ಆದರೆ ಆ ಮಾತಿನ ಹಿಂದೆ ನಾನು ಅವಿತುಕೊಳ್ಳಬಾರದು. ವರ್ಷವರ್ಷವೂ ಕೇಳಿದ್ದರೆ ವರ್ಷವರ್ಷವೂ ಅದೇ ಉತ್ತರ ಕೊಡುತ್ತಿದ್ದೆ.

ಮೊನ್ನೆ ಇವರಿಗೆ ಎಲ್ಲ ಹೇಳಿದೆ. "ಅವತ್ತೇ ಹೇಳ್ಬಾರ್ದಾಗಿತ್ತೇನೆ" ಎಂದರು, ಅಷ್ಟೇ. ಕಾರಿನ ಬೀಗದ ಕೈಯನ್ನು ನನ್ನ ಕೈಗಿಟ್ಟರು. ರಿನ್ಯೂವಲ್ ಬೇಡವೆಂದರು.

ನೀವು ಬದುಕಿದ್ದೀರಿ, ಸಿದ್ದರಾಜಣ್ಣ. ಕುಂಟುತ್ತಲೇ ಆದರೂ ಕುರಿಯ ಹಿಂದೆ ನಡೆಯುತ್ತೀರಿ. ಅವತ್ತು ಆ ಜನರ ಎದುರು ಬಾಯಿ ಮುಚ್ಚಿ ಕೂತಿದ್ದವಳನ್ನು ಕಾಪಾಡಿದಿರಿ. ಆಮೇಲೂ ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ — ನೀವು ಬಾರದೇ ಹೋಗಿದ್ದರೆ ನಾನು ಇದನ್ನು ಮರೆತೇಬಿಡುತ್ತಿದ್ದೆನೋ ಏನೋ. ಪ್ರತಿ ಸಲ ನೀವು ನನಗೆ ಹೇಳಿದ ಉಪಕಾರದ ಮಾತು ನಾನು ನಿಮಗೆ ಹೇಳಬೇಕಾಗಿದ್ದ ಮಾತು. ಈಗ ಹೇಳುತ್ತಿದ್ದೇನೆ. ಕ್ಷಮಿಸುವುದು, ಬಿಡುವುದು ನಿಮ್ಮ ಇಷ್ಟ. ನಿಮ್ಮ ಮನೆಯವರು ಕೇಸು ಹಾಕಬೇಕೆಂದರೆ, ನಾನು ಕಂಡದ್ದನ್ನು ಅಲ್ಲಿಯೂ ಹೀಗೇ ಹೇಳುತ್ತೇನೆ.

ಭಾನುವಾರ ಬೆಳಗಿನ ಬಸ್ಸಿಗೆ ಇಬ್ಬರೂ ಬಂಡೂರಿಗೆ ಬರುತ್ತೇವೆ. ಸ್ಟಾಪಿನ ಹತ್ತಿರ ಬರುವ ಮನಸ್ಸಾದರೆ ಬನ್ನಿ. ಬದಿಯಲ್ಲಿ ನಿಂತು ಕೈ ಎತ್ತಿದರೆ ನಮ್ಮ ಯಜಮಾನರಿಗೆ ಕಾಣುವುದಿಲ್ಲ. ಕೂಗಿ ಕರೆಯಿರಿ.