ಅಳಿಯನಿಗೆ ಫುಗಡಿ ಕಲಿಸಿದ ಜಗದೇವಿ

ಬಸವಕಲ್ಯಾಣದ ಜಗದೇವಿ ಮಗಳ ಮದುವೆಗೆ ಮುಂಚೆ ಮಗಳ ಜೊತೆ ಗಂಡಾಗಿ ಕುಣಿದಳು. ಬಾಗಿಲು ಹಾಕಿ, ರೊಟ್ಟಿ ಬುಟ್ಟಿಗೆ ಮೊಬೈಲ್ ಆನಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿದಳು. ಮೊಬೈಲಿನಲ್ಲಿದ್ದದ್ದು ಹುಮನಾಬಾದದಿಂದ ಬೀಗರ ಮಗಳು ಪೂನಮ ಕಳಿಸಿದ ವಿಡಿಯೋ. ಅದರಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ನಗುನಗುತ್ತ ಹೆಜ್ಜೆ ಹಾಕುತ್ತಿದ್ದರು. ಮದುವೆಯ ಹಿಂದಿನ ಸಂಜೆ ಮದುಮಕ್ಕಳು ಸ್ಟೇಜಿನ ಮೇಲೆ ಹಾಗೇ ಕುಣಿಯಬೇಕಂತೆ. ಹುಡುಗ ಕೈ ಎತ್ತಿದಾಗ ಹುಡುಗಿ ಅದರ ಕೆಳಗೆ ಗಿರ್ರನೆ ತಿರುಗಬೇಕು. ಅಲ್ಲಿಗೆ ಬಂದಾಗಲೆಲ್ಲ ಮಗಳು ಸ್ನೇಹಲಳ ಎಡಗಾಲು ಮಡಚುತ್ತಿತ್ತು.

"ಮತ್ತೊಮ್ಮಿ ಮಾಡು."

"ಅವ್ವಾ, ರಾಡ್ ಚುಚ್ಚಾಕತ್ತದ."

"ಚುಚ್ಚಲಿ. ಮಾಡು."

"ಹಂಗಾರ ನೀನ ಮದಿವಿ ಆಗು. ನನಕಿಂತಾ ಚಂದ ಕುಣಿತಿ."

ಇಬ್ಬರಿಗೂ ನಗು ಬಂತು. ನಗು ಮುಗಿಯುವ ಮೊದಲೇ ಸ್ನೇಹಲ್ ಗೋಡೆ ಹಿಡಿದು ಕುಸಿದು ಅಳತೊಡಗಿದಳು.

ಜಗದೇವಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು. ಗಂಡ ಶ್ರೀಮಂತ ಬೈಕಿಗೆ ಸ್ಟೀಲ್ ಪಾತ್ರೆ ಕಟ್ಟಿಕೊಂಡು ಚಿಟಗುಪ್ಪ, ದುಬಲಗುಂಡಿ ಅಂತ ಊರೂರು ತಿರುಗಿ ಮಾರುತ್ತಿದ್ದ. ಮಗಳ ನಿಶ್ಚಯ ಮಾಡಿ ಅವನು ಬಹಳ ದಿನ ಇರಲಿಲ್ಲ. ಕಬ್ಬು ಸಾಗುವ ಹಂಗಾಮು. ಅಪ್ಪ ಮಗಳು ಹಳ್ಳಿಖೇಡದ ನೆಂಟರಿಗೆ ಮದುವೆ ಸುದ್ದಿ ಹೇಳಿ ಕತ್ತಲಲ್ಲಿ ಬೈಕಿನ ಮೇಲೆ ತಿರುಗಿ ಬರುತ್ತಿದ್ದರು. ದಾರಿಯಲ್ಲಿ ಕೆಟ್ಟು ನಿಂತ ಕಬ್ಬಿನ ಟ್ರೇಲರ್ ಶ್ರೀಮಂತನಿಗೆ ಕಾಣಲಿಲ್ಲ. ಅವನು ಅಲ್ಲೇ ಹೋದ. ಮಗಳ ಎಡಗಾಲು ಮುರಿದು ಒಳಗೆ ರಾಡ್ ಹಾಕಬೇಕಾಯಿತು.

ಶ್ರೀಮಂತನ ಮಣ್ಣಿಗೆ ಬಂದ ಬೀಗರು ಹುಡುಗಿಯ ಕಾಲಿನ ಪಟ್ಟಿ ನೋಡಿದ್ದರು. ಆಮೇಲೆ ಫೋನಿನಲ್ಲಿ ಕೇಳಿದಾಗಲೆಲ್ಲ ಜಗದೇವಿ "ಪೂರಾ ಆರಾಮ ಆಗ್ಯಾಳ್ರಿ" ಎಂದಳು. ಕಾಲು ಗಿಡ್ಡಾಗಿದೆ, ಎಳೆದು ನಡೆಯುತ್ತಾಳೆ ಎಂದು ಹೇಳಲಿಲ್ಲ. ಹೇಳಿದರೆ ಸಂಬಂಧ ಹೋಗುತ್ತಿತ್ತು. ಸಾವಾದ ಮನೆಯಲ್ಲಿ ವರ್ಷದೊಳಗೆ ಮದುವೆ ಆಗಬೇಕು, ಇಲ್ಲದಿದ್ದರೆ ಮೂರು ವರ್ಷ ಮಾಡಬಾರದು ಎಂಬುದು ಅವರ ಕಡೆಯ ರೂಢಿ. ಕುಂಟುವ ಹುಡುಗಿಗಾಗಿ ಮೂರು ವರ್ಷ ಯಾರು ಕಾಯುತ್ತಾರೆ? ಗಂಡನಿಗಾಗಿ ಅಳುವುದನ್ನು ಸಹ ಜಗದೇವಿ ಮದುವೆಯ ಆಚೆಗೆ ತಳ್ಳಿದ್ದಳು. ಅವನ ಮೇಲೆ ಸಿಟ್ಟೂ ಇತ್ತು. ಇಷ್ಟೆಲ್ಲ ಬಿಟ್ಟು ತಾನೊಬ್ಬನೇ ಹೋಗಿದ್ದ.

ಮರುದಿನ ಬಸ್ಸು ಹತ್ತಿ ಹುಮನಾಬಾದಕ್ಕೆ ಹೋದಳು. ಬೀಗ ಮಹಾರುದ್ರಪ್ಪ ತನ್ನ ಕಿರಾಣಿ ಅಂಗಡಿಯಲ್ಲಿ ತೊಗರಿಬೇಳೆ ತೂಗುತ್ತಿದ್ದ.

"ಬೀಗ್ರ, ಮನ್ಯಾಗ ಸಾವಾಗ್ಯದ. ಹುಡುಗಿ ಕುಣಿಯೂದು ಚಂದ ಕಾಣಂಗಿಲ್ರಿ. ಅದೊಂದು ಬಿಡ್ರಿ."

"ಸಾವಾದ ಮನಿಗಿ ಬ್ಯಾಂಡ್ ನಡೀತದ, ಹೋಳಿಗಿ ನಡೀತದ. ಕುಣಿಯೂದೊಂದು ನಡ್ಯಂಗಿಲ್ಲೇನ್ರಿ?"

ಮಹಾರುದ್ರಪ್ಪ ಬೇಳೆಯ ಚೀಲ ಬದಿಗಿಟ್ಟ.

"ನೋಡ್ರೆವ್ವಾ, ಸೀದಾ ಹೇಳ್ತೀನಿ. ಕಲ್ಯಾಣದ ಮಂದಿ ಹುಡುಗಿ ಕುಂಟತಾಳ ಅಂತಾರ. ನೀವು ಆರಾಮ ಅದಾಳ ಅಂತೀರಿ. ಕುಣಿಯೂದು ಪೂನಮಗ ಹೇಳಿ ನಾನ ಇಡಸೀನಿ. ಎಲ್ಲರ ಮುಂದ ಕುಣೀಲಿ. ಮಂದಿ ಬಾಯಿ ಮುಚ್ಚತದ. ನನ್ನ ಬಾಯಿನೂ ಮುಚ್ಚತದ."

"ಕುಣೀದಿದ್ರ?"

"ಮರುದಿನ ಅಕ್ಷತಾ ಬೀಳಂಗಿಲ್ಲ."

ಪೂನಮ ಚಹಾ ತಂದಳು. ಜಗದೇವಿ ಕುಡಿದು ಎದ್ದಳು.

ಮನೆಗೆ ಬಂದಾಗ ಸ್ನೇಹಲ್ ನೆಲದ ಮೇಲೆ ಕುಳಿತಿದ್ದಳು. ಅವಳನ್ನು ಎಬ್ಬಿಸಲು ಜಗದೇವಿ ದಿನದಂತೆ ಎರಡೂ ಕೈ ಕೊಟ್ಟಳು. ಹುಡುಗಿ ಹಿಂದಕ್ಕೆ ಜೋತು ಎದ್ದಳು. ಭಾರವೆಲ್ಲ ತಾಯಿಯ ತೋಳಿಗೆ ಬಂತು. ಮಗಳ ಮುಖದಲ್ಲಿ ನೋವಿರಲಿಲ್ಲ. ಜಗದೇವಿ ಕೈ ಬಿಡಲಿಲ್ಲ.

"ಸ್ನೇಹಾ, ಪಂಚಮಿಗಿ ಫುಗಡಿ ಆಡ್ತಿದ್ದಿ ಹೌದಿಲ್ಲೋ? ಕಾಲು ಕೂಡಸು."

ಫುಗಡಿ ಹೆಣ್ಣುಮಕ್ಕಳ ಆಟ. ಇಬ್ಬರು ಕೈಗೆ ಕೈ ಕತ್ತರಿ ಹಾಕಿ ಹಿಡಿದು, ಪಾದಕ್ಕೆ ಪಾದ ಕೂಡಿಸಿ, ಮೈ ಹಿಂದಕ್ಕೆ ಚೆಲ್ಲಿ ತಿರುಗುತ್ತಾರೆ. ಕಾಲು ಎತ್ತುವುದಿಲ್ಲ, ನೆಲಕ್ಕೆ ಉಜ್ಜಿಕೊಂಡೇ ಸುತ್ತುತ್ತದೆ. ಸೀರೆಯ ಅಂಚಿನಡಿ ಯಾವ ಕಾಲು ಗಿಡ್ಡ, ಯಾವುದು ಉದ್ದ ಯಾರಿಗೂ ತಿಳಿಯುವುದಿಲ್ಲ. ಇಬ್ಬರೂ ತಿರುಗಿದರು. ಸ್ನೇಹಲ್ ಬೀಳಲಿಲ್ಲ.

"ಬರಾಬರ್ ಆಯ್ತವ್ವಾ! ಆದ್ರ ಅವ್ರಿಗಿ ಬರಬೇಕಲ್ಲ?"

ಅದೇ ತೊಡಕು. ಗಂಡಸರು ಫುಗಡಿ ಆಡುವುದಿಲ್ಲ. ಸ್ಟೇಜ್ ಹತ್ತುವ ತನಕ ಹುಡುಗ ಹುಡುಗಿ ಎದುರಾಗುವ ಹಾಗಿಲ್ಲ. ಕೈಯ ಭಾರವನ್ನು ಫೋನಿನಲ್ಲಿ ಕಲಿಸಲು ಬರುವುದಿಲ್ಲ.

ಮದುವೆಯ ಹಿಂದಿನ ಸಂಜೆ ಹುಮನಾಬಾದದ ಫಂಕ್ಷನ್ ಹಾಲಿನಲ್ಲಿ ಅರಿಶಿಣ ಮುಗಿಯಿತು. ಜಗದೇವಿ ಮದುಮಗ ಗುರುಶಾಂತನನ್ನು ಅಡುಗೆಮನೆಯ ಹಿಂದೆ ಕರೆದಳು. ಅಲ್ಲಿ ನೀರಿನ ಡ್ರಮ್ಮುಗಳಿದ್ದವು, ಎಂಜಲು ಪಾತ್ರೆಗಳಿದ್ದವು.

"ಅಳಿಯಾರ, ನನ್ನ ಮಗಳ ಕಾಲಾಗ ರಾಡ್ ಅದ. ಒಂದು ಕಾಲು ಗಿಡ್ಡ. ನಾ ಸುಳ್ಳ ಹೇಳೀನಿ. ಆಕಿ ಹೇಳಿಲ್ಲ, ನಾನ ಹೇಳೀನಿ."

ಗುರುಶಾಂತ ತನ್ನ ಹೊಸ ಶೂ ನೋಡುತ್ತ ನಿಂತ.

"ಅಪ್ಪಗ ಗೊತ್ತದೇನ್ರಿ?"

"ಇಲ್ಲ."

"ಗೊತ್ತಾದ್ರ ಮುಗೀತು."

"ಅದಕ್ಕ ನಿಮ್ಮ ಹಂತ್ಯಾಕ ಬಂದೀನಿ. ಕೈ ಕೊಡ್ರಿ."

ಅತ್ತೆಯಾದವಳು ಅಳಿಯನ ಕೈ ಹಿಡಿಯುವುದಿಲ್ಲ. ಅರಿಶಿಣ ಹಚ್ಚಿದ ಮದುಮಗನನ್ನು ಗಂಡ ಸತ್ತವಳಂತೂ ಮುಟ್ಟಲೇಬಾರದು. ಗುರುಶಾಂತ ಕೈ ಹಿಂದಕ್ಕೆ ಎಳೆದುಕೊಂಡ.

"ಅತ್ತ್ಯಾರ, ಯಾರರ ನೋಡ್ಯಾರು."

"ನೋಡಲಿ. ಕೈ ಕೊಡ್ರಿ."

ಕೊಟ್ಟ. ಆದರೆ ಕಂಬದಂತೆ ನೆಟ್ಟಗೆ ನಿಂತ. ಹಿರಿಯಳ ಮೇಲೆ ಭಾರ ಹಾಕಲು ಅವನಿಗೆ ಮನಸ್ಸಾಗಲಿಲ್ಲ.

"ಹಿಂದಕ್ಕ ಬೀಳ್ರಿ."

"ನೀವು ಬೀಳ್ತೀರಿ."

"ನಾ ಬಿದ್ದಾಗ್ಯದ. ನೀವು ಬೀಳ್ರಿ."

ಅವನು ಒರಗಿದ. ಇಬ್ಬರೂ ತಿರುಗಿದರು. ಡ್ರಮ್ಮು, ಗೋಡೆ, ಪಾತ್ರೆ ಎಲ್ಲ ತಿರುಗಿದವು. ಅಷ್ಟು ತಿಂಗಳು ತಡೆದಿದ್ದ ಅಳು ಜಗದೇವಿಗೆ ಅಲ್ಲೇ ಬಂತು. ಅಳುತ್ತಲೇ ತಿರುಗಿದಳು.

"ಮೆಲ್ಲಕ ನಿಲ್ಲಸ್ರಿ. ಝಟ್ಟನೆ ನಿಂತ್ರ ಆಕಿ ಕಾಲು ತಡ್ಯಂಗಿಲ್ಲ," ಎಂದು ಮೂಗು ಒರೆಸಿಕೊಂಡಳು. ಅಷ್ಟರಲ್ಲಿ ಮೈಕಿನಲ್ಲಿ ಪೂನಮ ಮದುಮಕ್ಕಳ ಹೆಸರು ಕೂಗಿದಳು.

ಜಗದೇವಿ ಮುಂದೆ ಹೋಗಲಿಲ್ಲ. ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಹಾಡು ಶುರುವಾಯಿತು. ಗುರುಶಾಂತ ವಿಡಿಯೋದ ಹೆಜ್ಜೆ ಒಂದನ್ನೂ ಹಾಕಲಿಲ್ಲ. ಸ್ನೇಹಲಳ ಎರಡೂ ಕೈ ಹಿಡಿದು ಒರಗಿದ. ಇಬ್ಬರೂ ಸುತ್ತತೊಡಗಿದರು.

"ಯವ್ವಾ, ಫುಗಡಿ ಆಡಾಕತ್ತಾರ!" ಎಂದು ಹೆಂಗಸೊಬ್ಬಳು ಕೂಗಿದಳು.

"ಹುಡುಗಗ ಸೀರಿ ಉಡಸ್ರಿ!" ಎಂದಳು ಇನ್ನೊಬ್ಬಳು.

ಮಂದಿ ನಕ್ಕರು, ಸಿಳ್ಳೆ ಹೊಡೆದರು. ಸ್ನೇಹಲಳ ಸೀರೆ ಬುಗುರಿಯಂತೆ ಅರಳಿತು. ಆಗ ಹಾಡು ಹಚ್ಚುವವನು ಹಾಡನ್ನು ನಡುವೆಯೇ ಕಡಿದ. ಗುರುಶಾಂತನೂ ತಟ್ಟನೆ ನಿಂತುಬಿಟ್ಟ. ಎಡಗಾಲು ಮಡಚಿತು. ಸ್ನೇಹಲ್ ಕುಸಿದಳು.

ಗುರುಶಾಂತ ಅವಳ ಕೈ ಹಿಡಿದೇ ಪಕ್ಕದಲ್ಲಿ ಕುಳಿತುಬಿಟ್ಟ. ಅದೂ ಆಟವೇ ಎಂದುಕೊಂಡ ಮಂದಿ ಚಪ್ಪಾಳೆ ತಟ್ಟಿದರು. ಮಹಾರುದ್ರಪ್ಪ ತಟ್ಟಲಿಲ್ಲ. ಆತ ಮೊದಲಿನಿಂದಲೂ ಹುಡುಗಿಯ ಕಾಲನ್ನೇ ನೋಡುತ್ತಿದ್ದ. ಕುರ್ಚಿಗಳನ್ನು ಸರಿಸಿಕೊಂಡು ನೆಟ್ಟಗೆ ಅಡುಗೆಮನೆಗೆ ಬಂದ.

"ಯಾವ ಕಾಲು?"

"ಎಡಗಾಲ್ರಿ."

"ಮೊದಲ ಹೇಳಿದ್ರ ನಾ ಬ್ಯಾಡ ಅಂತಿದ್ದೆ."

"ಗೊತ್ತದ್ರಿ. ಅದಕ್ಕ ಹೇಳಲಿಲ್ಲ."

ಮಹಾರುದ್ರಪ್ಪ ಸ್ಟೇಜಿನ ಕಡೆ ತಿರುಗಿದ. ಮಗ ಇನ್ನೂ ನೆಲದ ಮೇಲೇ ಇದ್ದ. ಪೂನಮ ಎಬ್ಬಿಸಲು ಹೋದರೆ ಅವಳನ್ನು ಕೈ ಬೀಸಿ ಕಳಿಸಿದ.

"ನೋಡ್ರಿ, ಆಕಿ ಏಳೂತನಕ ಏಳಂಗಿಲ್ಲಂತ, ನನ್ನ ಮಗಾ," ಎಂದ ಮಹಾರುದ್ರಪ್ಪ. ಜಗದೇವಿ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು.

"ನಾಳಿ ಅಕ್ಷತಾಕ್ಕ ಬಾಳೊತ್ತು ನಿಂದ್ರಬೇಕಾಗ್ತದ. ಕುರ್ಚಿ ಹಾಕಸ್ತೀನಿ," ಎಂದು ಹೋದ.

ಹಾಕಿಸಿದ. ಸ್ನೇಹಲ್ ಎಲ್ಲರೆದುರು ಕುರ್ಚಿಯಲ್ಲಿ ಕುಳಿತಳು. ಯಾಕೆಂದು ಮಂದಿಗೆಲ್ಲ ತಿಳಿಯಿತು. ಅಕ್ಷತೆ ಬಿತ್ತು.

ಮಹಾರುದ್ರಪ್ಪ ಇವತ್ತಿಗೂ ಜಗದೇವಿಯ ಮುಖ ನೋಡಿ ಮಾತಾಡುವುದಿಲ್ಲ. ಸೊಸೆಯನ್ನು ತವರಿಗೆ ಬಿಡಲು ಬಂದರೂ ಬಾಗಿಲಲ್ಲೇ ನಿಂತು ಹೋಗುತ್ತಾನೆ. ಒಳಗೆ ಬರ್ರಿ ಎಂದು ಜಗದೇವಿ ಪ್ರತಿ ಸಲ ಕರೆಯುತ್ತಾಳೆ.