ಕೋಡಿಯ ಹಾದಿ

ನಮ್ಮೂರು ಮಿಶ್ರಿಕೋಟಿಯ ಕೆರೆಗಳಲ್ಲಿ ಮೀನು ಹಿಡಿಯುತ್ತಿದ್ದ ಕಾಕಾ ಒಬ್ಬರು, ಯಾರು ಏನೇ ಹೇಳಲಿ, ಬಲೆಯ ಗಂಟು ಬಿಡಿಸುತ್ತಲೇ "ಅಷ್ಟ ಏನ್ರಿ?" ಎನ್ನುತ್ತಿದ್ದರು.

ಧ್ರುವ ಪ್ರದೇಶದ ಮೀನುಗಳ ವಂಶವಾಹಿ ಓದಿದ ಪಂಡಿತ ನಾನು. ಊರಿಗೆ ಹೋದಾಗ ಅವರಿಗೂ ಪಾಠ ಶುರುಮಾಡಿದೆ. ದೂರದೂರದ ಕೊಲ್ಲಿಗಳ ಮೀನುಗಳೆಲ್ಲ ಒಂದೇ ಬಳಗ, ಮರಿಗಳು ಸಾಗರದ ಪ್ರವಾಹದಲ್ಲಿ ತೇಲಿ ಹೋಗುತ್ತವೆ, ಆ ಹಾದಿ ಉಳಿಸದಿದ್ದರೆ ಸಂತತಿ ಉಳಿಯದು ಎಂದೆ.

"ಅಷ್ಟ ಏನ್ರಿ? ಮ್ಯಾಲಿನ ಕೆರಿ ಕೋಡಿ ಬಿತ್ತಂದ್ರ ಮರಿ ಕಾಲುವಿ ಹಿಡ್ದು ಕೆಳಗಿನ ಕೆರಿಗೆ ಇಳೀತಿದ್ವು. ಅದಕ್ಕ ಆ ಕಾಲುವ್ಯಾಗ ನಾವು ಬಲಿ ಹಾಕ್ತಿದ್ದಿಲ್ಲ. ಹೋದ ವರ್ಷ ಅದಕ್ಕ ಅಡ್ಡ ಮಣ್ಣು ಬಿತ್ತು. ಈಗ ಕೆಳಗಿನ ಕೆರ್ಯಾಗ ಮರೀನ ಇಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಯಾರ್ರೀ ಆ ತಿಳಿಗೇಡಿ?"

ಕಾಕಾ ಬಲೆ ಕೆಳಗಿಟ್ಟರು.

"ನೀವ ಅಲ್ರೀ ಹಾಕ್ಸಿದ್ದು, ಹೊಲಕ್ಕ ಕಾರು ಹೋಗ್ಲಿ ಅಂತ?"