ಹವಾಖೋರಿಯ ಮಾಸ್ತರರು

ಬೇಸಿಗೆಯ ಸಂಜೆಗಳಲ್ಲಿ ಲಿಂಗಸುಗೂರಿನ ಸರ್ಕಾರಿ ಬಾಗ್ ಎಂಬ ತೋಟದಲ್ಲಿ ಸೃಷ್ಟಿಕರ್ತನ ಮಹಿಮೆಯನ್ನು ಗಿಡಗಿಡಕ್ಕೂ ತೋರಿಸಿ ಪುಕ್ಕಟೆ ಸಾರುವವರೆಂದರೆ ಆದಪ್ಪ ಮಾಸ್ತರರು, ಬೇವಿನ ಎಲೆಯನ್ನು ಕೇಳುಗರ ಬಾಯಿಗಿಟ್ಟು, "ಮುಖ ಸಿಂಡರಿಸಬ್ಯಾಡ್ರಿ, ಶಿವನ ದವಾಖಾನಿ ಇದು!" ಎನ್ನುವರು, ಇರುವೆಯ ಸಾಲು ಎದುರಾದರೆ ಸುಬೇದಾರರ ಸವಾರಿಗೆಂಬಂತೆ ಬದಿಗೆ ಸರಿದು ಕೈಮುಗಿಯುವರು, ಮೊಣಕಾಲು ಊದಿದ್ದರೂ ಎಲ್ಲಿಯೂ ಕುಳಿತು ಮಾತಾಡರು. "ಒಂದೀಟು ಕುಂಡ್ರಬಾರದೇನ್ರೀ ಮಾಸ್ತರ? ಪುಣ್ಯ ಬರೋದ್ರಾಗ ನಮ್ಮ ಕಾಲು ಹೋಗತಾವ" ಎಂದು ಕೇಳುಗರ ಸಾಲಿನಲ್ಲಿ ಹಿಂದೆ ನಡೆದು ಬರುವ ಶೇಖಮ್ಮ ಚುಚ್ಚಿದರೆ, "ನಡಿಯಬೇ ಯವ್ವಾ, ಗಿಡ ಕಾಯಾಕತ್ತಾವ" ಎಂದು ನಗುವರು. ಒಂದು ಸಂಜೆ ಪೊಲೀಸ್ ಅಮೀನರೇ ಅಡ್ಡಗಟ್ಟಿ, "ಇಜಾಜತ್ ಇಲ್ದ, ಪರವಾನಗಿ ಇಲ್ದ ಜಲ್ಸಾ-ಸಭಾ ನಡಸಾಕತ್ತೀರಿ, ಬಂದ್ ಮಾಡಸ್ತೀನಿ" ಎಂದು ಗದರಿದಾಗ, ಮಾಸ್ತರರು ಹೆಜ್ಜೆ ನಿಲ್ಲಿಸದೆ, "ಮಂದಿ ಕುಂತ್ರ ಜಲ್ಸಾ ಸಾಬ್, ನಡದ್ರ ಹವಾಖೋರಿ. ಹವಾ ತಿನ್ನಾಕ ಯಾವ ಇಜಾಜತ್ತು?" ಎಂದರು. ಅಮೀನರು ಮೀಸೆಯಲ್ಲಿಯೇ ನಕ್ಕು, "ನಡೀರಿ, ನಡೀರಿ, ನಿಂತೀರಿ ಮತ್ತ!" ಎಂದು ದಾರಿ ಬಿಟ್ಟರು. ಜೀವಮಾನವೆಲ್ಲ ಸರ್ಕಾರದ ಅಪ್ಪಣೆಯಂತೆ ಶಾಲೆಯಲ್ಲಿ ಉರ್ದುವಿನಲ್ಲಿಯೇ ಪಾಠ ಹೇಳಬೇಕಾಗಿದ್ದ ಆ ವೃದ್ಧರು ಮುಂದಿನ ಗಿಡದತ್ತ ಕೈಯೆತ್ತಿ ತಾಯಿಯ ಕನ್ನಡದಲ್ಲಿ ಅದರ ಹೆಸರನ್ನು ಕೂಗಿದರು, ಹಿಂದಿದ್ದವರೆಲ್ಲ ನಡೆಯುತ್ತಲೇ, ಎದೆಯುಬ್ಬಿಸಿ, ಅಮೀನರಿಗೂ ಕೇಳುವಂತೆ ಕೂಗಿದರು: "ಬನ್ನಿ ಗಿಡ!"